ಕಾಲಿನ ರಕ್ತನಾಳದಲ್ಲಿ ಹೆಪ್ಪು: ಕರಗಿಸುವ ಔಷಧಿ ಬೇಕಾ, ಮಾತ್ರೆಯೇ ಸಾಕಾ?

ಒಂದೇ ಕಾಲು ಊದಿಕೊಂಡಿದೆ. ಮೀನಖಂಡ ಒತ್ತಿದರೆ ನೋವು. ಡಾಪ್ಲರ್ ಸ್ಕ್ಯಾನ್ ಮಾಡಿಸಿದರೆ ರಿಪೋರ್ಟಿನಲ್ಲಿ ಡಿವಿಟಿ ಎಂದು ಬರೆದಿದೆ. ಅಂದರೆ ಕಾಲಿನ ಒಳಗೆ, ಮಾಂಸಖಂಡಗಳ ನಡುವೆ ಸಾಗುವ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆ. ಆಗ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಕರಗಿಸೋ ಇಂಜೆಕ್ಷನ್ ಇದೆಯಂತಲ್ಲ, ಅದನ್ನೇ ಕೊಟ್ಟುಬಿಡಬಾರದಾ?"

ಕೇಳುವುದು ಸಹಜವೇ. ಹಾರ್ಟ್ ಅಟ್ಯಾಕ್ ಆದವರಿಗೆ, ಲಕ್ವ ಹೊಡೆದವರಿಗೆ ಆ ಇಂಜೆಕ್ಷನ್ ಕೊಟ್ಟ ಸುದ್ದಿ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಆದರೆ ಕಾಲಿನ ಹೆಪ್ಪಿನ ಲೆಕ್ಕ ಬೇರೆ. ಇಲ್ಲಿ ಹೆಚ್ಚಿನವರಿಗೆ ಕರಗಿಸುವ ಔಷಧಿ ಬೇಕಾಗುವುದೇ ಇಲ್ಲ. ಕೆಲವರಿಗೆ ಅದರಿಂದ ಲಾಭವಿದೆ. ಬೆರಳೆಣಿಕೆಯ ಮಂದಿಗೆ ಮಾತ್ರ ಅದು ಕಾಲು ಅಥವಾ ಜೀವ ಉಳಿಸುವ ಮಾತು. ಯಾರು ಯಾವ ಗುಂಪಿಗೆ ಸೇರುತ್ತಾರೆ ಎನ್ನುವುದೇ ಇಲ್ಲಿನ ವಿಷಯ. ಚಿಕಿತ್ಸೆಯ ತೀರ್ಮಾನ ರೋಗಿಯನ್ನು ಪರೀಕ್ಷಿಸಿದ ಡಾಕ್ಟರದ್ದು. ಅವರ ಎದುರು ಕೂತಾಗ ಏನು ಕೇಳಬೇಕು ಅಂತ ನಿಮಗೆ ಗೊತ್ತಿದ್ದರೆ ಒಳ್ಳೆಯದಲ್ವಾ?

ಮೊದಲು ರಿಪೋರ್ಟ್ ಓದಿ: ಎಲ್ಲಿ, ಎಷ್ಟು ದಿನದ್ದು

ಹೆಪ್ಪು ಎಲ್ಲಿದೆ ಎನ್ನುವುದರ ಮೇಲೆ ಅರ್ಧ ತೀರ್ಮಾನ ಆಗಿಹೋಗುತ್ತದೆ. ಮಂಡಿಯಿಂದ ಕೆಳಗೆ, ಮೀನಖಂಡದ ಸಣ್ಣ ನಾಳಗಳಲ್ಲಿ ಮಾತ್ರ ಇದ್ದರೆ ಕರಗಿಸುವ ಮಾತೇ ಬರುವುದಿಲ್ಲ. ಮಂಡಿಯ ಹಿಂದಿನ ಪಾಪ್ಲಿಟಿಯಲ್ ನಾಳ, ತೊಡೆಯ ಫೆಮೊರಲ್ ನಾಳದಲ್ಲಿದ್ದರೆ ಚಿಕಿತ್ಸೆ ತಡಮಾಡುವಂತಿಲ್ಲ, ಆದರೂ ಹೆಚ್ಚಾಗಿ ಹೆಪ್ಪು ಬೆಳೆಯದಂತೆ ತಡೆಯುವ ಮಾತ್ರೆಯೇ ಸಾಕು. ತೊಡೆಸಂದಿನ ಕಾಮನ್ ಫೆಮೊರಲ್ ನಾಳ ಮತ್ತು ಅದಕ್ಕೂ ಮೇಲೆ ಕಿಬ್ಬೊಟ್ಟೆಯೊಳಗಿನ ಇಲಿಯಾಕ್ ನಾಳ ತುಂಬಿಕೊಂಡಿದ್ದರೆ ಮಾತ್ರ ಕರಗಿಸುವ ಚರ್ಚೆಗೆ ಅರ್ಥವಿದೆ. ಕಾಲಿನ ರಕ್ತವೆಲ್ಲ ಹೃದಯಕ್ಕೆ ಮರಳುವುದು ಆ ಒಂದು ದಾರಿಯಲ್ಲೇ. ಅಲ್ಲಿ ಅಡ್ಡವಾದರೆ ಸುತ್ತಿ ಹೋಗಲು ಬೇರೆ ದೊಡ್ಡ ದಾರಿ ಇಲ್ಲ.

ಒಂದು ಎಚ್ಚರಿಕೆ. ಹಳೆಯ ಪದ್ಧತಿಯ ರಿಪೋರ್ಟುಗಳಲ್ಲಿ 'ಸೂಪರ್‌ಫಿಷಿಯಲ್ ಫೆಮೊರಲ್ ವೇನ್' ಎಂದು ಬರೆದಿರುತ್ತಾರೆ. ಅದನ್ನು ನೋಡಿ ಇದೇನೋ ಮೇಲ್ಮೈಯ ನಾಳ, ಪರವಾಗಿಲ್ಲ ಅಂದುಕೊಳ್ಳಬೇಡಿ. ಅದು ಆಳದ ನಾಳವೇ. ಅದಕ್ಕೆ ಪೂರ್ತಿ ಚಿಕಿತ್ಸೆ ಬೇಕು.

ಎರಡನೆಯದು ಹೆಪ್ಪಿನ ವಯಸ್ಸು. ಊತ ಶುರುವಾಗಿ ಎಷ್ಟು ದಿನ ಆಯಿತು? 14 ದಿನದ ಒಳಗಿನ ಹೆಪ್ಪು ಔಷಧಿಗೆ ಚೆನ್ನಾಗಿ ಕರಗುತ್ತದೆ. ದಿನ ಕಳೆದಂತೆ ಅದು ಗಟ್ಟಿಯಾಗಿ ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ತಿಂಗಳು ದಾಟಿದ ಹೆಪ್ಪಿನ ಮೇಲೆ ಕರಗಿಸುವ ಔಷಧಿ ಸುರಿದರೆ ರಕ್ತಸ್ರಾವದ ಅಪಾಯ ಮಾತ್ರ ಕೈಗೆ ಸಿಗುತ್ತದೆ. ಹಾಗಾಗಿ ಊತ ಕಂಡ ದಿನವನ್ನು ಸರಿಯಾಗಿ ನೆನಪಿಟ್ಟುಕೊಂಡು ಹೇಳಿ. "ಮೊನ್ನೆ ಮೊನ್ನೆ ಸಾರ್" ಅಂದರೆ ಸಾಲದು.

ಇನ್ನೊಂದು ವಿಷಯ. ಉಳುಕಿರಬೇಕು ಅಂತ ಊದಿದ ಕಾಲಿಗೆ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವುವ ಅಭ್ಯಾಸ ನಮ್ಮಲ್ಲಿದೆ. ಒಂದೇ ಕಾಲು ಏಕಾಏಕಿ ಊದಿದ್ದರೆ ನೀವಲು ಹೋಗಬೇಡಿ. ಹೆಪ್ಪಿನ ತುಂಡು ಕಿತ್ತು ಶ್ವಾಸಕೋಶಕ್ಕೆ ಹೋಗಿ ಕೂತರೆ ಅದು ಜೀವಕ್ಕೇ ಕುತ್ತು.

ಮೊದಲ ದಾರಿ: ಹೆಪ್ಪು ಬೆಳೆಯದಂತೆ ತಡೆಯುವುದು

ಹೆಪಾರಿನ್ ಇಂಜೆಕ್ಷನ್, ವಾರ್ಫರಿನ್, ಈಗಿನ ಹೊಸ ಮಾತ್ರೆಗಳು ಎಲ್ಲವೂ ಈ ಗುಂಪಿನವು. ಇವು ಹೆಪ್ಪನ್ನು ಕರಗಿಸುವುದಿಲ್ಲ. ಹೊಸ ಹೆಪ್ಪು ಕಟ್ಟದಂತೆ, ಇದ್ದದ್ದು ಬೆಳೆಯದಂತೆ, ಕಿತ್ತು ಮೇಲೆ ಹೋಗುವ ಅಪಾಯ ಕಡಿಮೆಯಾಗುವಂತೆ ನೋಡಿಕೊಳ್ಳುತ್ತವೆ. ಕರಗಿಸುವ ಕೆಲಸ ಮಾಡುವುದು ನಮ್ಮ ಮೈಯಲ್ಲೇ ತಯಾರಾಗುವ ಪ್ಲಾಸ್ಮಿನ್ ಎಂಬ ವಸ್ತು. ಅದಕ್ಕೆ ವಾರಗಳು, ತಿಂಗಳುಗಳು ಬೇಕು. "ಮಾತ್ರೆ ಶುರುಮಾಡಿ ಹತ್ತು ದಿನ ಆಯ್ತು, ಸ್ಕ್ಯಾನ್‌ನಲ್ಲಿ ಇನ್ನೂ ಹೆಪ್ಪು ಕಾಣ್ತಿದೆ" ಎಂದು ಗಾಬರಿಯಾಗುವವರು ಬಹಳ ಜನ. ಕಾಣುವುದು ಸಹಜ. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ ಅಲ್ಲ.

ಈ ಗುಂಪಿನೊಳಗೂ ಆಯ್ಕೆಗಳಿವೆ. ಎನೊಕ್ಸಾಪರಿನ್ ಅನ್ನು ಹೊಟ್ಟೆಯ ಚರ್ಮದ ಕೆಳಗೆ ಚುಚ್ಚುತ್ತಾರೆ. ತೂಕದ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ಗರ್ಭಿಣಿಯರಿಗೆ ಇದೇ ಮೊದಲ ಆಯ್ಕೆ, ಯಾಕೆಂದರೆ ಹೆಪಾರಿನ್ ಜಾತಿಯ ಔಷಧಿ ಮಗುವಿಗೆ ದಾಟುವುದಿಲ್ಲ. ಕಿಡ್ನಿ ಕೆಟ್ಟಿರುವವರಿಗೆ ಡೋಸ್ ಬದಲಿಸಬೇಕು ಅಥವಾ ಹಳೆಯ ಹೆಪಾರಿನ್ ಡ್ರಿಪ್‌ಗೆ ಹೋಗಬೇಕು.

ವಾರ್ಫರಿನ್‌ದು ವಿಚಿತ್ರ ಕಥೆ. ಅಮೆರಿಕದಲ್ಲಿ ಕೆಟ್ಟುಹೋದ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಪಾಲ್ ಲಿಂಕ್ ತಂಡ ಅದರ ಕಾರಣ ಹುಡುಕಿತು. ಆ ಸಂಶೋಧನೆಯಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. ನಮ್ಮಲ್ಲಿ ಇದರ ದಾಯಾದಿ ಅಸೆನೊಕೌಮರಾಲ್ ಕೂಡ ತುಂಬಾ ಬಳಕೆಯಲ್ಲಿದೆ. ಎರಡೂ ಅಗ್ಗ. ಕಾಟ ಇರುವುದು ಐಎನ್ಆರ್ ಪರೀಕ್ಷೆಯದ್ದು, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಪರೀಕ್ಷೆಯದ್ದು. ಅಂಕಿ 2ರಿಂದ 3ರ ನಡುವೆ ನಿಲ್ಲಬೇಕು, ಅದಕ್ಕೆ ಮತ್ತೆ ಮತ್ತೆ ರಕ್ತ ಕೊಡಬೇಕು. ಊಟವೂ ಲೆಕ್ಕಕ್ಕೆ ಬರುತ್ತದೆ. ನುಗ್ಗೆಸೊಪ್ಪು, ದಂಟು, ಪಾಲಕ್‌ನಲ್ಲಿ ವಿಟಮಿನ್ ಕೆ ಜಾಸ್ತಿ. ಸೊಪ್ಪು ಬಿಡಬೇಕಾಗಿಲ್ಲ. ವಾರಕ್ಕೆರಡು ದಿನ ಬಸ್ಸಾರು ಮಾಡುವ ಮನೆಯಾದರೆ ಹಾಗೇ ಮುಂದುವರಿಸಿ. ಒಂದು ತಿಂಗಳು ಸೊಪ್ಪೇ ಇಲ್ಲ, ಮುಂದಿನ ತಿಂಗಳು ದಿನಾ ಸೊಪ್ಪು ಅಂತಾದರೆ ಐಎನ್ಆರ್ ಹಳಿ ತಪ್ಪುತ್ತದೆ.

ಹೊಸ ಮಾತ್ರೆಗಳಲ್ಲಿ ಹೆಚ್ಚು ಬರೆಯುವುದು ರಿವರೊಕ್ಸಾಬಾನ್ ಮತ್ತು ಅಪಿಕ್ಸಾಬಾನ್. ಐಎನ್ಆರ್ ಬೇಡ, ಸೊಪ್ಪಿನ ಲೆಕ್ಕ ಬೇಡ. ಪೇಟೆಂಟ್ ಮುಗಿದ ಮೇಲೆ ಜನರಿಕ್ ಮಾತ್ರೆಗಳು ಬಂದು ಬೆಲೆಯೂ ಇಳಿದಿದೆ. ಎಡವುವುದು ಡೋಸ್ ಬದಲಾಗುವ ದಿನ. ರಿವರೊಕ್ಸಾಬಾನ್ ಮೊದಲ 21 ದಿನ 15 ಮಿಲಿಗ್ರಾಂ ದಿನಕ್ಕೆರಡು ಸಲ, 22ನೇ ದಿನದಿಂದ 20 ಮಿಲಿಗ್ರಾಂ ಒಂದೇ ಸಲ. ಅಪಿಕ್ಸಾಬಾನ್ ಮೊದಲ 7 ದಿನ 10 ಮಿಲಿಗ್ರಾಂ ಎರಡು ಸಲ, ಆಮೇಲೆ 5 ಮಿಲಿಗ್ರಾಂ ಎರಡು ಸಲ. ಡಿಸ್ಚಾರ್ಜ್ ಚೀಟಿಯಲ್ಲಿ ಇದು ಒಂದೇ ಸಾಲಿನಲ್ಲಿ ಇರುತ್ತದೆ, ಅದೂ ಓದಲಾಗದ ಅಕ್ಷರದಲ್ಲಿ. ಮನೆಗೆ ಬಂದ ಕೂಡಲೇ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿ. ರಿವರೊಕ್ಸಾಬಾನನ್ನು ಊಟದ ಜೊತೆಗೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಮೈಗೆ ಪೂರ್ತಿ ಹತ್ತುವುದಿಲ್ಲ.

ಎಲ್ಲರಿಗೂ ಹೊಸ ಮಾತ್ರೆ ಹೊಂದುವುದಿಲ್ಲ. ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರು, ರಕ್ತ ಪದೇ ಪದೇ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂಬ ಕಾಯಿಲೆ ಜೋರಾಗಿರುವವರು ವಾರ್ಫರಿನ್ ಜಾತಿಯಲ್ಲೇ ಇರಬೇಕು. ಗರ್ಭಿಣಿಯರಿಗೆ ಹೊಸ ಮಾತ್ರೆ ಬೇಡ. ಎದೆಹಾಲು ಕುಡಿಸುವ ತಾಯಂದಿರಿಗೆ ಹೆಪಾರಿನ್ ಅಥವಾ ವಾರ್ಫರಿನ್ ಸರಿ.

ಯಾವುದನ್ನು ತೆಗೆದುಕೊಂಡರೂ ಕನಿಷ್ಠ 3 ತಿಂಗಳು. ಆಪರೇಷನ್, ಮೂಳೆ ಮುರಿತದಂಥ ಕಾರಣ ಇದ್ದು ಅದು ಕಳೆದಿದ್ದರೆ ಅಲ್ಲಿಗೆ ನಿಲ್ಲಿಸಬಹುದು. ಕಾರಣವೇ ಸಿಗದೆ ಬಂದ ಹೆಪ್ಪಿಗೆ, ಕ್ಯಾನ್ಸರ್ ಇದ್ದವರಿಗೆ ಇನ್ನೂ ದೀರ್ಘ. ಮಂಡಿ ನೋವು ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುವುದನ್ನು ಇಷ್ಟು ದಿನವೂ ಮರೆತುಬಿಡಿ. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಕಾಲು ಅಲುಗಾಡಿಸದೆ ಮಲಗಿರಬೇಕು ಎನ್ನುವುದು ಹಳೆಯ ಮಾತು. ಔಷಧಿ ಶುರುವಾಗಿ, ನೋವು ತಡೆಯುವಂತಿದ್ದರೆ ಓಡಾಡುವುದೇ ಒಳ್ಳೆಯದು.

ಎರಡನೇ ದಾರಿ: ಕೈಗೆ ಡ್ರಿಪ್ ಹಾಕಿ ಕರಗಿಸುವುದು

ಸ್ಟ್ರೆಪ್ಟೊಕೈನೇಸ್, ಯುರೊಕೈನೇಸ್, ಆಲ್ಟಿಪ್ಲೇಸ್, ಟೆನೆಕ್ಟಿಪ್ಲೇಸ್ ಇವು ನಿಜವಾಗಿ ಕರಗಿಸುವ ಔಷಧಿಗಳು. ರಕ್ತದಲ್ಲಿ ಸುಮ್ನೆ ಓಡಾಡಿಕೊಂಡಿರುವ ಪ್ಲಾಸ್ಮಿನೋಜೆನ್ ಅನ್ನು ಪ್ಲಾಸ್ಮಿನ್ ಆಗಿ ಬದಲಿಸುತ್ತವೆ. ಪ್ಲಾಸ್ಮಿನ್ ಹೆಪ್ಪಿನ ನಾರನ್ನು ಕತ್ತರಿಸುತ್ತದೆ. ಕಷ್ಟ ಏನೆಂದರೆ ಕಾಲಿನ ಬೇಡದ ಹೆಪ್ಪು ಯಾವುದು, ಹೊಟ್ಟೆಯ ಹುಣ್ಣನ್ನು ಮುಚ್ಚಿ ಹಿಡಿದಿರುವ ಬೇಕಾದ ಹೆಪ್ಪು ಯಾವುದು ಎಂದು ಔಷಧಿಗೆ ಗೊತ್ತಾಗುವುದಿಲ್ಲ. ಕೈಯ ನಾಳಕ್ಕೆ ಕೊಟ್ಟರೆ ಅದು ಮೈಯೆಲ್ಲ ಸುತ್ತುತ್ತದೆ, ಮಿದುಳಿಗೂ ಹೋಗುತ್ತದೆ. ಇತ್ತ ಕಾಲಿನಲ್ಲಿ ನಾಳ ಪೂರ್ತಿ ಮುಚ್ಚಿದ್ದರೆ ರಕ್ತದ ಹರಿವೇ ಇಲ್ಲದೆ ಔಷಧಿ ಹೆಪ್ಪಿನ ಒಳಗೆ ಸರಿಯಾಗಿ ತಲುಪುವುದೂ ಇಲ್ಲ.

ಆದ್ದರಿಂದ ಬರೀ ಕಾಲಿನ ಹೆಪ್ಪಿಗೆ ಈ ದಾರಿಯನ್ನು ಈಗ ಹೆಚ್ಚುಕಡಿಮೆ ಕೈಬಿಡಲಾಗಿದೆ. ಹಿಂದೆ ಸ್ಟ್ರೆಪ್ಟೊಕೈನೇಸನ್ನು 72 ಗಂಟೆವರೆಗೆ ಹನಿಸುತ್ತಿದ್ದ ಕಾಲವೊಂದಿತ್ತು. ಕಾಲಿನಲ್ಲಿ ಮಾತ್ರ ಹೆಪ್ಪಿದ್ದು, ಉಸಿರಾಟ ಮತ್ತು ಬಿಪಿ ಸರಿಯಿದ್ದೂ ಯಾರಾದರೂ "ಕೈಗೆ ಡ್ರಿಪ್ ಹಾಕಿ ಕರಗಿಸಿಬಿಡೋಣ" ಎಂದರೆ, ಯಾಕೆ ಎಂದು ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಈ ದಾರಿ ಇವತ್ತಿಗೂ ಉಳಿದಿರುವುದು ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಬಿಪಿ ಕುಸಿದಾಗ. ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದು, ರೋಗಿ ಬೆವರಿ ತಣ್ಣಗಾಗುತ್ತಿದ್ದರೆ ಆಗ ತೂಗಿ ನೋಡುತ್ತ ಕೂರುವ ಹೊತ್ತಲ್ಲ. ಆಲ್ಟಿಪ್ಲೇಸ್ 100 ಮಿಲಿಗ್ರಾಂ ಅನ್ನು 2 ಗಂಟೆಯಲ್ಲಿ ಕೊಡುವುದು ರೂಢಿ. ಬಿಪಿ ಸರಿಯಿದ್ದು ಹೃದಯದ ಬಲಭಾಗಕ್ಕೆ ಮಾತ್ರ ಒತ್ತಡ ಬಿದ್ದಿರುವವರಿಗೆ ಕೊಡಬೇಕಾ? ಇದನ್ನೇ ಕೇಳಿದ್ದು 2014ರಲ್ಲಿ ಪ್ರಕಟವಾದ ಪೈಥೋ ಎಂಬ ಅಧ್ಯಯನ. 1006 ರೋಗಿಗಳು. ಟೆನೆಕ್ಟಿಪ್ಲೇಸ್ ಕೊಟ್ಟವರಲ್ಲಿ ಸಾವು ಅಥವಾ ಬಿಪಿ ಕುಸಿತ 2.6%, ಬರೀ ಹೆಪಾರಿನ್ ಕೊಟ್ಟವರಲ್ಲಿ 5.6%. ಕೇಳಲು ಚೆನ್ನಾಗಿದೆ. ಆದರೆ ಸ್ಟ್ರೋಕ್ ಆದವರು 2.4% ಮತ್ತು 0.2%. ಅದರಲ್ಲೂ ಹೆಚ್ಚಿನವು ಮಿದುಳಿನಲ್ಲಿ ರಕ್ತ ಸೋರಿ ಆದವು. ಹಾಗಾಗಿ ಇಂಥವರಿಗೆ ಮೊದಲು ಹೆಪಾರಿನ್ ಕೊಟ್ಟು, ಐಸಿಯುನಲ್ಲಿ ಕಣ್ಣಿಟ್ಟು, ಕುಸಿಯುವ ಲಕ್ಷಣ ಕಂಡರೆ ಮಾತ್ರ ಕರಗಿಸುವುದು ಈಗಿನ ಪದ್ಧತಿ.

ಈ ಔಷಧಿಗಳ ನಡುವೆಯೂ ವ್ಯತ್ಯಾಸವಿದೆ. ಸ್ಟ್ರೆಪ್ಟೊಕೈನೇಸ್ ಬ್ಯಾಕ್ಟೀರಿಯಾದಿಂದ ಬಂದದ್ದು. ಬೆಲೆ ಕಡಿಮೆ. ಚಳಿ ಜ್ವರ, ಮೈ ಕಡಿತ, ಬಿಪಿ ಇಳಿಯುವುದು ಆಗಬಹುದು. ಒಮ್ಮೆ ಕೊಟ್ಟರೆ ಮೈ ಅದಕ್ಕೆ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ, ಅದಕ್ಕೇ ಮತ್ತೊಮ್ಮೆ ಕೊಡುವುದಿಲ್ಲ. ಈಗಿನ ರೋಗಿಗೇ ಹಿಂದೆ ಹಾರ್ಟ್ ಅಟ್ಯಾಕ್‌ಗೆ ಇದನ್ನು ಕೊಟ್ಟಿದ್ದರೆ ಆ ಹಳೇ ಚೀಟಿ ಹುಡುಕಿ ತೋರಿಸಿ. ಯುರೊಕೈನೇಸ್‌ಗೆ ಆ ತೊಂದರೆ ಕಡಿಮೆ. ಆಲ್ಟಿಪ್ಲೇಸ್ ದುಬಾರಿ. ರಕ್ತದಲ್ಲಿ ಅದರ ಅರ್ಧಾಯುಷ್ಯ 5 ನಿಮಿಷದ ಆಸುಪಾಸು, ಹಾಗಾಗಿ ತೊಂದರೆ ಕಂಡು ನಿಲ್ಲಿಸಿದರೆ ಔಷಧಿ ಬೇಗ ಇಳಿಯುತ್ತದೆ.

ಮೂರನೇ ದಾರಿ: ಹೆಪ್ಪಿನ ಒಳಕ್ಕೇ ಕೊಳವೆ ಇಟ್ಟು ಕರಗಿಸುವುದು

ಕಾಲಿನ ವಿಷಯದಲ್ಲಿ ನಿಜವಾದ ಸ್ಪರ್ಧೆ ಮೊದಲನೇ ದಾರಿಗೂ ಇದಕ್ಕೂ. ಏನು ಮಾಡುತ್ತಾರೆ ಎಂದು ತಿಳಿದಿದ್ದರೆ ಹೆದರಿಕೆಯೂ ಕಡಿಮೆ, ಅತಿ ಆಸೆಯೂ ಕಡಿಮೆ.

ರೋಗಿಯನ್ನು ಕ್ಯಾಥ್ ಲ್ಯಾಬಿನ ಮೇಜಿನ ಮೇಲೆ ಬೋರಲು ಮಲಗಿಸುತ್ತಾರೆ. ಮಂಡಿಯ ಹಿಂದೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ಪರದೆ ನೋಡುತ್ತಾ ನಾಳಕ್ಕೆ ಸೂಜಿ ಹಾಕುತ್ತಾರೆ. ಸೂಜಿಯೊಳಗಿಂದ ತೆಳ್ಳನೆಯ ತಂತಿ ತೂರಿಸಿ, ಅದನ್ನು ಹೆಪ್ಪಿನ ನಡುವೆ ನಿಧಾನವಾಗಿ ಮೇಲಕ್ಕೆ ದಾಟಿಸುತ್ತಾರೆ. ತಂತಿಯ ಮೇಲೆ ಕೊಳವೆ ಬರುತ್ತದೆ. ಆ ಕೊಳವೆಯ ಉದ್ದಕ್ಕೂ ಸಣ್ಣ ಸಣ್ಣ ತೂತುಗಳಿರುತ್ತವೆ. ತೂತಿರುವ ಭಾಗ ಪೂರ್ತಿ ಹೆಪ್ಪಿನ ಒಳಗೆ ಕೂರುವಂತೆ ಇಟ್ಟು, ಪ್ಲಾಸ್ಟರ್ ಅಂಟಿಸಿ, ಪಂಪಿಗೆ ಜೋಡಿಸುತ್ತಾರೆ. ಆಲ್ಟಿಪ್ಲೇಸ್ ಆದರೆ ಗಂಟೆಗೆ ಅರ್ಧದಿಂದ ಒಂದು ಮಿಲಿಗ್ರಾಂ ಹನಿಯುತ್ತಾ ಹೋಗುತ್ತದೆ. ಕೈಗೆ ಕೊಡುವ 100 ಮಿಲಿಗ್ರಾಂಗೆ ಹೋಲಿಸಿ ನೋಡಿ, ಎಷ್ಟು ಕಡಿಮೆ.

ಆಮೇಲೆ ಐಸಿಯು. ಇದು ಬೇಜಾರಿನ ಭಾಗ. ಒಂದು ರಾತ್ರಿ, ಕೆಲವೊಮ್ಮೆ ಎರಡು. ಆ ಕಾಲು ಮಡಿಸುವಂತಿಲ್ಲ, ಎದ್ದು ಬಾತ್‌ರೂಮಿಗೆ ಹೋಗುವಂತಿಲ್ಲ. ಸಿಸ್ಟರ್ ಮತ್ತೆ ಮತ್ತೆ ಬಂದು ಚುಚ್ಚಿದ ಜಾಗದಲ್ಲಿ ರಕ್ತ ಒಸರಿದೆಯಾ ನೋಡುತ್ತಾರೆ, ಹೆಸರು ಕೇಳುತ್ತಾರೆ, ಕೈ ಎತ್ತಿಸುತ್ತಾರೆ. ಮಾತು ತೊದಲಿದರೆ ಮಿದುಳಿನಲ್ಲಿ ರಕ್ತ ಸೋರಿರಬಹುದು ಎಂಬ ಅನುಮಾನಕ್ಕೇ ಈ ಪರೀಕ್ಷೆ. ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಎಷ್ಟಿದೆ ಎಂಬ ರಕ್ತಪರೀಕ್ಷೆ ಕೆಲವು ಗಂಟೆಗೊಮ್ಮೆ ನಡೆಯುತ್ತದೆ. ಅದು ತೀರಾ ಇಳಿದರೆ ಪಂಪ್ ನಿಧಾನ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ರಾತ್ರಿ ಏಕಾಏಕಿ ಜೋರು ತಲೆನೋವು ಬಂದರೆ "ನಿದ್ದೆಗೆಟ್ಟಿದ್ದಕ್ಕೆ ಇರಬೇಕು" ಅಂತ ಸುಮ್ಮನಿರಬೇಡಿ. ಆಗಲೇ ಕೂಗಿ ಕರೆಯಿರಿ.

ಮರುದಿನ ಬಣ್ಣದ ದ್ರಾವಣ ಬಿಟ್ಟು ಎಕ್ಸ್-ರೇಯಲ್ಲಿ ನೋಡುತ್ತಾರೆ. ಹೆಪ್ಪು ಕರಗಿದ ಮೇಲೆ ಕೆಲವರಲ್ಲಿ ಅಸಲಿ ಕಾರಣ ಕಾಣಿಸಿಕೊಳ್ಳುತ್ತದೆ. ಎಡಗಾಲಿನ ಇಲಿಯಾಕ್ ಅಭಿಧಮನಿಯ ಮೇಲೆ ಬಲಗಡೆಯ ಅಪಧಮನಿ ಹಾದುಹೋಗುವಾಗ ಅದನ್ನು ಬೆನ್ನುಮೂಳೆಗೆ ಒತ್ತಿ ಹಿಡಿದಿರುತ್ತದೆ. ಇದಕ್ಕೆ ಮೇ-ತರ್ನರ್ ಸಿಂಡ್ರೋಮ್ ಎನ್ನುತ್ತಾರೆ. 1957ರಲ್ಲಿ ಇದನ್ನು ವಿವರಿಸಿದ ಇಬ್ಬರ ಹೆಸರು ಅದು. ಎಡಗಾಲು ತೊಡೆಯವರೆಗೆ ಊದಿದ ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಇದನ್ನು ನೆನಪಿಸಿಕೊಳ್ಳಬೇಕು. ಅಂಥಲ್ಲಿ ಬಲೂನ್ ಹಿಗ್ಗಿಸಿ ಸ್ಟೆಂಟ್ ಹಾಕುತ್ತಾರೆ. ಸ್ಟೆಂಟ್ ಬಿದ್ದಿತೆಂದು ಮಾತ್ರೆ ತಪ್ಪುವುದಿಲ್ಲ. ಎಲ್ಲ ಮುಗಿದ ಮೇಲೂ ಮೊದಲ ದಾರಿಯ ಔಷಧಿ ತಿಂಗಳುಗಟ್ಟಲೆ ಬೇಕೇಬೇಕು. ಇದನ್ನು ಮೊದಲೇ ಹೇಳದೆ ಇದ್ದರೆ, "ಇಷ್ಟೆಲ್ಲ ಖರ್ಚು ಮಾಡಿದ ಮೇಲೂ ಮಾತ್ರೆಯಾ?" ಎಂದು ಮನೆಯವರಿಗೆ ಸಿಟ್ಟು ಬರುತ್ತದೆ.

ಲಾಭ ಎಷ್ಟು? ಮೂರು ಅಧ್ಯಯನಗಳು ಹೇಳಿದ್ದು

ಇಷ್ಟು ಕಷ್ಟಪಡುವುದು ಯಾಕೆ? ಅಭಿಧಮನಿಯೊಳಗೆ ರಕ್ತ ಕೆಳಗೆ ಜಾರದಂತೆ ಒಂದೇ ಕಡೆ ತೆರೆಯುವ ಬಾಗಿಲಿನಂಥ ಕವಾಟಗಳಿವೆ. ಹೆಪ್ಪು ಬಹಳ ದಿನ ಕೂತರೆ ಅವು ಹಾಳಾಗುತ್ತವೆ. ಆಮೇಲೆ ಸಂಜೆಯಾದರೆ ಕಾಲು ಭಾರ, ಊತ, ಪಾದದ ಗಂಟಿನ ಸುತ್ತ ಚರ್ಮ ಕಪ್ಪು, ಕೆಲವರಿಗೆ ವಾಸಿಯಾಗದ ಹುಣ್ಣು. ಇದಕ್ಕೆ ಪೋಸ್ಟ್ ಥ್ರಾಂಬೋಟಿಕ್ ಸಿಂಡ್ರೋಮ್ ಎಂದು ಹೆಸರು. ದೊಡ್ಡ ನಾಳದ ಹೆಪ್ಪು ಬಂದವರಲ್ಲಿ ಅರ್ಧದಷ್ಟು ಜನರವರೆಗೆ ಸ್ವಲ್ಪವಾದರೂ ಇದು ಕಾಡುತ್ತದೆ. ಬೇಗ ಕರಗಿಸಿದರೆ ಕವಾಟ ಉಳಿಯುತ್ತದೆ ಎಂಬುದೇ ಕೊಳವೆಯ ದಾರಿಯ ಹಿಂದಿನ ತರ್ಕ.

ತರ್ಕ ಚೆನ್ನಾಗಿದೆ. ಫಲಿತಾಂಶ ಅಷ್ಟು ಸರಳವಾಗಿಲ್ಲ.

ನಾರ್ವೆಯ ಕಾವೆಂಟ್ ಅಧ್ಯಯನದಲ್ಲಿ 209 ಜನ ಇದ್ದರು. 2 ವರ್ಷದ ನಂತರ ಈ ತೊಂದರೆ ಕೊಳವೆ ಹಾಕಿಸಿಕೊಂಡವರಲ್ಲಿ 41%, ಮಾತ್ರೆಯವರಲ್ಲಿ 56%. 5 ವರ್ಷದ ಹೊತ್ತಿಗೆ 43% ಮತ್ತು 71%. ದೊಡ್ಡ ಅಂತರವೇ. ಆದರೆ ದಿನನಿತ್ಯದ ಬದುಕು ಹೇಗಿದೆ ಎಂದು ಕೇಳಿದಾಗ ಎರಡೂ ಗುಂಪಿನ ಉತ್ತರದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಬಂದದ್ದು ಅಮೆರಿಕದ ಅಟ್ರಾಕ್ಟ್. ಸುರೇಶ್ ವೇದಾಂತಂ ಮುಂದಾಳತ್ವದಲ್ಲಿ 692 ಜನರ ಮೇಲೆ ನಡೆದ ಇದು 2017ರಲ್ಲಿ ಪ್ರಕಟವಾಯಿತು. ಔಷಧಿಯ ಜೊತೆ ಹೆಪ್ಪನ್ನು ಒಡೆದು ಹೀರುವ ಯಂತ್ರವನ್ನೂ ಬಳಸಿದ್ದರು. ಫಲಿತಾಂಶ: 47% ಮತ್ತು 48%. ಅಂದರೆ ವ್ಯತ್ಯಾಸವೇ ಇಲ್ಲ. ಮೊದಲ 10 ದಿನದ ದೊಡ್ಡ ರಕ್ತಸ್ರಾವ ಮಾತ್ರ 1.7% ಮತ್ತು 0.3%. ಬಹಳಷ್ಟು ಡಾಕ್ಟರುಗಳ ಉತ್ಸಾಹಕ್ಕೆ ಈ ಅಧ್ಯಯನ ತಣ್ಣೀರೆರಚಿತು. 2020ರಲ್ಲಿ ಬಂದ ನೆದರ್‌ಲೆಂಡ್ಸಿನ ಕಾವಾ ಅಧ್ಯಯನ, ಅಲ್ಟ್ರಾಸೌಂಡ್ ಅಲೆ ಬಳಸುವ ಕೊಳವೆಯದ್ದು, ಅದೂ ಸ್ಪಷ್ಟ ಲಾಭ ತೋರಿಸಲಿಲ್ಲ.

ಹಾಗಾದರೆ ಕಥೆ ಮುಗಿಯಿತಾ? ಇಲ್ಲ. ಅಟ್ರಾಕ್ಟ್ ಒಳಗೇ ಇನ್ನೊಂದು ಅಂಕಿ ಇದೆ. ತೊಡೆಸಂದಿನಿಂದ ಮೇಲೆ ಹೆಪ್ಪಿದ್ದ 391 ಜನರನ್ನು ಬೇರೆ ಮಾಡಿ ನೋಡಿದರೆ, ಮಧ್ಯಮ ಅಥವಾ ತೀವ್ರ ತೊಂದರೆ ಕೊಳವೆಯವರಲ್ಲಿ 18%, ಮಾತ್ರೆಯವರಲ್ಲಿ 28%. ಅಂದರೆ ಸುಮಾರು 10 ಜನರಿಗೆ ಕೊಳವೆ ಹಾಕಿದರೆ ಒಬ್ಬರ ಕಾಲು ಜೋರಾಗಿ ಕೆಡುವುದು ತಪ್ಪುತ್ತದೆ. ಬರೀ ತೊಡೆಯಲ್ಲಿ ಹೆಪ್ಪಿದ್ದವರಿಗೆ ಈ ಲಾಭವೂ ಸಿಗಲಿಲ್ಲ. ಹೆಪ್ಪು ಎಲ್ಲಿದೆ ಎಂದು ಮೊದಲೇ ಒತ್ತಿ ಹೇಳಿದ್ದು ಇದಕ್ಕೇ.

ಹಾಗಾದರೆ ಯಾರಿಗೆ ಯಾವುದು

ಕಾಲು ಪೂರ್ತಿ ಊದಿ, ನೀಲಿಗಟ್ಟಿ, ಬೆರಳು ತಣ್ಣಗಾಗಿ, ನೋವು ತಡೆಯಲಾಗುತ್ತಿಲ್ಲ ಎಂದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಅಭಿಧಮನಿ ಎಷ್ಟು ಬಿಗಿದಿದೆ ಎಂದರೆ ಕಾಲಿಗೆ ಹೊಸ ರಕ್ತವೂ ಬರಲಾಗುತ್ತಿಲ್ಲ. ಗ್ಯಾಂಗ್ರೀನ್ ಆಗುವ ಮೊದಲು ಹೆಪ್ಪು ತೆಗೆಯಲೇಬೇಕು. ಕೊಳವೆಯಿಂದಲೋ, ಯಂತ್ರದಿಂದಲೋ, ಆಪರೇಷನ್ನಿಂದಲೋ, ಹತ್ತಿರದಲ್ಲಿ ಯಾವುದು ಬೇಗ ಸಿಗುತ್ತದೋ ಅದು.

ವಯಸ್ಸು ಚಿಕ್ಕದು, ಓಡಾಡಿಕೊಂಡು ದುಡಿಯುವವರು, ಹೆಪ್ಪು ತೊಡೆಸಂದಿನಿಂದ ಮೇಲಕ್ಕೆ ಹೋಗಿದೆ, ಊತ ಬಂದು 14 ದಿನ ಆಗಿಲ್ಲ, ರಕ್ತಸ್ರಾವದ ಅಪಾಯ ಕಡಿಮೆ. ಈ ಎಲ್ಲವೂ ಒಟ್ಟಿಗೆ ಇದ್ದರೆ ಕೊಳವೆಯ ಬಗ್ಗೆ ಗಂಭೀರವಾಗಿ ಮಾತಾಡಿ. ಮಾತ್ರೆ ಶುರುಮಾಡಿ ಕೆಲವು ದಿನವಾದರೂ ಊತ, ನೋವು ಏರುತ್ತಲೇ ಇದ್ದರೆ ಇನ್ನೂ ಒಂದು ಕಾರಣ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಹೆಚ್ಚುಕಡಿಮೆ ಇದೇ ಪಟ್ಟಿ ಕೊಡುತ್ತದೆ. ಉಳಿದ ಬಹುತೇಕರಿಗೆ ಮಾತ್ರೆಯೇ ಸಾಕು ಎನ್ನುವುದು ಅಮೆರಿಕದ ರಕ್ತರೋಗ ತಜ್ಞರ ಸಂಘದ 2020ರ ಸಲಹೆ. ನನಗೂ ಅದೇ ಸರಿ ಅನ್ನಿಸುತ್ತದೆ. 70 ದಾಟಿದ, ಬಿಪಿ ಹತೋಟಿಯಲ್ಲಿಲ್ಲದ ಹಿರಿಯರಿಗೆ ತೊಡೆಯ ಹೆಪ್ಪು ಕರಗಿಸಲು ಹೋಗಿ ಮಿದುಳಿನಲ್ಲಿ ರಕ್ತ ಸೋರಿಸಿಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭದ ವ್ಯಾಪಾರ ಅಲ್ಲ.

ಕರಗಿಸುವ ಔಷಧಿ ಕೊಡಬಾರದವರ ಪಟ್ಟಿ ಸಣ್ಣದೇನಲ್ಲ. ಯಾವತ್ತಾದರೂ ಮಿದುಳಿನಲ್ಲಿ ರಕ್ತಸ್ರಾವ ಆದವರು, ಮಿದುಳಿನಲ್ಲಿ ಗಡ್ಡೆ ಇರುವವರು, ಇತ್ತೀಚೆಗೆ ಸ್ಟ್ರೋಕ್ ಆದವರು, ಕೆಲವೇ ದಿನ ಅಥವಾ ವಾರಗಳ ಹಿಂದೆ ದೊಡ್ಡ ಆಪರೇಷನ್ ಆದವರು, ತಲೆಗೆ ಪೆಟ್ಟು ಬಿದ್ದವರು, ಈಗ ಎಲ್ಲಿಂದಲಾದರೂ ರಕ್ತ ಹೋಗುತ್ತಿರುವವರು. ಹೊಟ್ಟೆ ಹುಣ್ಣಿನಿಂದ ಕಪ್ಪು ಮಲ ಹೋಗಿದ್ದರೆ, ಬೈಕಿನಿಂದ ಬಿದ್ದು ತಲೆ ತಾಗಿದ್ದರೆ ಮುಚ್ಚಿಡಬೇಡಿ. "ಅದನ್ನೆಲ್ಲ ಯಾಕೆ ಹೇಳೋದು" ಅನ್ನುವ ವಿಷಯವೇ ಇಲ್ಲಿ ಮುಖ್ಯ.

ಔಷಧಿ ಇಲ್ಲದೆ, ಅಥವಾ ತೀರಾ ಕಡಿಮೆ ಔಷಧಿಯಲ್ಲಿ, ಯಂತ್ರದಿಂದಲೇ ಹೆಪ್ಪು ಎಳೆದು ತೆಗೆಯುವ ಸಾಧನಗಳೂ ಬಂದಿವೆ. ರಕ್ತಸ್ರಾವದ ಭಯ ಇದ್ದವರಿಗೆ ಇದು ಒಳ್ಳೆಯ ದಾರಿ. ಖರ್ಚು ಜಾಸ್ತಿ, ದೊಡ್ಡ ಊರಿನ ಕೆಲವೇ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಹೊಟ್ಟೆಯ ದೊಡ್ಡ ಅಭಿಧಮನಿಯಲ್ಲಿ ಇಡುವ ಫಿಲ್ಟರ್ ಬೇರೆಯೇ ಸಾಮಾನು. ಅದು ಹೆಪ್ಪು ಕರಗಿಸುವುದಿಲ್ಲ, ಶ್ವಾಸಕೋಶಕ್ಕೆ ಹೋಗದಂತೆ ತಡೆಯುತ್ತದೆ ಅಷ್ಟೇ. ಯಾವ ರಕ್ತ ತೆಳು ಮಾಡುವ ಔಷಧಿಯನ್ನೂ ಕೊಡಲಾಗದವರಿಗೆ ಮಾತ್ರ ಅದು. ಹಾಕಿದರೆ ಯಾವಾಗ ತೆಗೆಯುತ್ತೀರಿ ಎಂದು ಅವತ್ತೇ ಕೇಳಿ ಬರೆಸಿಕೊಳ್ಳಿ. ಬಿಗಿ ಸಾಕ್ಸ್ ಬಗ್ಗೆ ಒಂದೇ ಮಾತು: ಊತ, ಭಾರ ಕಡಿಮೆ ಮಾಡಲು ಹಾಕಬಹುದು, ಹೆಪ್ಪಿಗೆ ಅದು ಚಿಕಿತ್ಸೆ ಅಲ್ಲ.

ಬಾಣಂತಿಯ ತಲೆನೋವು ಬೇರೆ ಲೆಕ್ಕ

ಅಭಿಧಮನಿಯ ಹೆಪ್ಪು ಕಾಲಿಗೆ ಮಾತ್ರ ಬರುವುದಲ್ಲ. ಹೆರಿಗೆಯಾದ ಮೊದಲ ವಾರಗಳಲ್ಲಿ ಜೋರು ತಲೆನೋವು, ವಾಂತಿ, ಫಿಟ್ಸ್ ಬಂದರೆ ಮಿದುಳಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿರಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಕಾಯಿಲೆಯನ್ನು ದಶಕಗಳಿಂದ ಅಧ್ಯಯನ ಮಾಡಿಕೊಂಡು ಬಂದಿದೆ. ಹೆರಿಗೆಯ ನಂತರ ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ಬಾಣಂತಿಗೆ ನೀರು ಕೊಡಬಾರದು ಎಂಬ ಹಳೆಯ ಪದ್ಧತಿ ಸೇರಿದರೆ ಇನ್ನೂ ಕಷ್ಟ. ಬಾಯಾರಿದಾಗ ನೀರು ಕೊಡಿ.

ಇಲ್ಲೂ ಕರಗಿಸುವ ಔಷಧಿಯ ಆಸೆ ಹುಟ್ಟುತ್ತದೆ. ಆದರೆ ಮೊದಲ ಚಿಕಿತ್ಸೆ ಹೆಪಾರಿನ್. ಹೆಪ್ಪಿನಿಂದಾಗಿ ಮಿದುಳಿನಲ್ಲಿ ಸ್ವಲ್ಪ ರಕ್ತ ಸೋರಿದ್ದರೂ ಹೆಪಾರಿನ್ ಕೊಡುತ್ತಾರೆ, ಕೇಳಲು ವಿಚಿತ್ರ ಅನ್ನಿಸಿದರೂ ಅದೇ ಸರಿಯಾದ ಕ್ರಮ. ತೀವ್ರ ಸ್ಥಿತಿಯ 67 ರೋಗಿಗಳ ಮೇಲೆ ಕೊಳವೆಯ ದಾರಿಯನ್ನು ಪರೀಕ್ಷಿಸಿದ ಟೊ-ಆಕ್ಟ್ ಅಧ್ಯಯನವನ್ನು ಲಾಭ ಕಾಣದೆ ಅರ್ಧಕ್ಕೇ ನಿಲ್ಲಿಸಲಾಯಿತು.

ದುಡ್ಡು, ಮತ್ತು ನಿಮ್ಮ ಕೈಲಿರುವ ಸಮಯ

ಮಾತ್ರೆಯ ದಾರಿಯಲ್ಲಿ ಹಲವರಿಗೆ ಆಸ್ಪತ್ರೆಯಲ್ಲಿ ಮಲಗುವ ಅಗತ್ಯವೂ ಇಲ್ಲ. ಕೊಳವೆಯ ದಾರಿಯಲ್ಲಿ ಕ್ಯಾಥ್ ಲ್ಯಾಬ್, ಕೊಳವೆ, ಔಷಧಿ, ಐಸಿಯು, ಬೇಕಾದರೆ ಸ್ಟೆಂಟ್ ಎಲ್ಲ ಸೇರಿ ಬಿಲ್ ಲಕ್ಷ ದಾಟುವುದು ಸಾಮಾನ್ಯ. ಎಸ್ಟಿಮೇಟ್ ಕೇಳುವಾಗ ಸ್ಟೆಂಟ್ ಸೇರಿಸಿ ಒಂದು, ಸೇರಿಸದೆ ಒಂದು, ಎರಡನ್ನೂ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಈ ಚಿಕಿತ್ಸೆ ಅದರಲ್ಲಿ ಬರುತ್ತದಾ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಮೊದಲೇ ವಿಚಾರಿಸಿ. ಕೊಳವೆ ಹಾಕುವವರು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ ಅಥವಾ ವಾಸ್ಕ್ಯುಲರ್ ಸರ್ಜನ್. ವರ್ಷಕ್ಕೆ ಎಷ್ಟು ಜನರಿಗೆ ಕಾಲಿನ ಅಭಿಧಮನಿಗೆ ಇದನ್ನು ಮಾಡುತ್ತಾರೆ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

"ಈಗಲೇ ಸಹಿ ಹಾಕಿ, ತಡ ಮಾಡಿದರೆ ಕೈಮೀರುತ್ತದೆ" ಎಂದಾಗ ಗಾಬರಿಯಾಗುವುದು ಸಹಜ. ಬಿಪಿ ಕುಸಿದಿದ್ದರೆ, ಕಾಲು ನೀಲಿಗಟ್ಟಿದ್ದರೆ ಆ ಮಾತು ಅಕ್ಷರಶಃ ನಿಜ, ಸಹಿ ಹಾಕಿ. ಅದಲ್ಲದಿದ್ದರೆ ಕಾಲಿನ ಹೆಪ್ಪು ಹಾರ್ಟ್ ಅಟ್ಯಾಕಿನಂತೆ ನಿಮಿಷದ ಲೆಕ್ಕದ್ದಲ್ಲ. ತಡ ಮಾಡಬಾರದ್ದು ಹೆಪಾರಿನ್ ಅಥವಾ ಮಾತ್ರೆಯ ಮೊದಲ ಡೋಸನ್ನು. ಅದು ಒಳಗೆ ಹೋದ ಮೇಲೆ ಕೊಳವೆ ಬೇಕೋ ಬೇಡವೋ ಎಂದು ಇನ್ನೊಬ್ಬ ತಜ್ಞರನ್ನು ಕೇಳಲು ಒಂದೆರಡು ದಿನ ಸಿಗುತ್ತದೆ. ಹೋಗುವಾಗ ಡಾಪ್ಲರ್ ರಿಪೋರ್ಟ್, ಊತ ಶುರುವಾದ ತಾರೀಕು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಹಿಮೋಗ್ಲೋಬಿನ್ ಮತ್ತು ಕ್ರಿಯಾಟಿನಿನ್ ರಿಪೋರ್ಟ್ ಒಂದೇ ಕವರಿನಲ್ಲಿ ಹಾಕಿಕೊಂಡು ಹೋಗಿ. ದಾರಿಯಲ್ಲಿ ಏಕಾಏಕಿ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಅಪಾಯಿಂಟ್‌ಮೆಂಟ್ ಬಿಡಿ, 108ಕ್ಕೆ ಫೋನ್ ಮಾಡಿ.